ಆದೇಶದಿಂದ ಹುಟ್ಟದ ವೃತ್ತಿ

ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಸೋವಿಯತ್ ಪ್ರಕಟಣೆಗಳು ರಾಶಿ ಬಿದ್ದಿರುತ್ತಿದ್ದವು. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಬೆಲೆ ಮಾತ್ರ ಒಂದು ಮಸಾಲೆ ದೋಸೆಯಷ್ಟು. ಪಂಚವಾರ್ಷಿಕ ಯೋಜನೆಗಳ ಕುರಿತ ಗ್ರಂಥವೊಂದನ್ನು ಹುಡುಕಿಕೊಂಡು ಹೋದವನು ಒಮ್ಮೆ ಕೊನ್‌ಸ್ತಾಂತಿನ್ ಪ್ಲಾತೋನೊವ್ ಎಂಬ ವೈದ್ಯನ ಪುಸ್ತಕವನ್ನು ಕೊಂಡು ತಂದೆ. ಮಾತು ಎಂಬುದು ದೇಹದ ಮೇಲೆ ಔಷಧದಂತೆ ಕೆಲಸ ಮಾಡಬಲ್ಲುದು ಎಂಬುದೇ ಅದರ ಪ್ರತಿಪಾದನೆ. ಮೂಲ 1930ರದ್ದು, ಮಾಸ್ಕೋದಲ್ಲಿ ಅಚ್ಚಾದ ಇಂಗ್ಲಿಷ್ ಅನುವಾದ 1959ರದ್ದು. ಲೇಖಕ ಉಕ್ರೇನಿನ ಖಾರ್ಕಿವ್ ನಗರದವನು. ಅಂದು ನನಗೆ ಅದರಲ್ಲಿ ಅರ್ಥವಾದದ್ದು ಸ್ವಲ್ಪವೇ. ಪುಸ್ತಕ ಮಾತ್ರ ವರ್ಗಾವಣೆಯಾದೆಡೆಯೆಲ್ಲ ನನ್ನ ಜೊತೆ ಬಂತು.

2022ರ ಮಾರ್ಚ್ 1ರಂದು ಖಾರ್ಕಿವ್ ಎಂಬ ಹೆಸರು ಕರ್ನಾಟಕದ ಮನೆಮನೆಯಲ್ಲೂ ಕೇಳಿಬಂತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಯುವಕನೊಬ್ಬ, ಆಹಾರ ತರಲೆಂದು ಹೊರಗೆ ಹೋಗಿದ್ದಾಗ ರಷ್ಯಾದ ದಾಳಿಗೆ ಬಲಿಯಾದ. ಆ ರಾತ್ರಿ ನಾನು ಕಪಾಟಿನಿಂದ ಪ್ಲಾತೋನೊವನ ಪುಸ್ತಕವನ್ನು ಮತ್ತೆ ತೆಗೆದೆ. ಅಂದಿನಿಂದ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಮಾತಿನಿಂದ ಮನಸ್ಸನ್ನು ಗುಣಪಡಿಸುವ ವಿದ್ಯೆಗೆ ಇಷ್ಟು ಹಿಂದೆಯೇ ಪೀಠ ಹಾಕಿಕೊಟ್ಟ ಒಂದು ದೇಶ, ಇಂದು ಯುದ್ಧದ ನಡುವೆ ಆ ವಿದ್ಯೆಯನ್ನು ಒಂದು ವೃತ್ತಿಯಾಗಿ ಕಟ್ಟಲು ಮೊದಲಿನಿಂದ ಆರಂಭಿಸಬೇಕಾಗಿ ಬಂದದ್ದು ಏಕೆ?

ಇದು ವೈದ್ಯರ ಪ್ರಶ್ನೆ, ನಿವೃತ್ತ ಅಧಿಕಾರಿಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ವೃತ್ತಿಯೊಂದು ಹೇಗೆ ರೂಪುಗೊಳ್ಳುತ್ತದೆ ಎಂಬುದು ಅರ್ಥಶಾಸ್ತ್ರದ ಪ್ರಶ್ನೆಯೂ ಹೌದು. ವೈದ್ಯಸೇವೆಯ ಮಾರುಕಟ್ಟೆ ತರಕಾರಿ ಮಾರುಕಟ್ಟೆಯಂತಲ್ಲ ಎಂದು ಕೆನೆತ್ ಆ್ಯರೋ 1963ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಬದನೆಕಾಯಿಯನ್ನು ಒತ್ತಿ ನೋಡಿ ಕೊಳ್ಳಬಹುದು. ವೈದ್ಯನ ಸಲಹೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವಷ್ಟು ಜ್ಞಾನ ರೋಗಿಗಿದ್ದರೆ ಅವನು ವೈದ್ಯನ ಬಳಿ ಹೋಗಬೇಕಾಗಿಯೇ ಇರಲಿಲ್ಲ. ಈ ಅಂತರವನ್ನು ತುಂಬುವುದು ನಂಬಿಕೆ. ಪದವಿ, ಪರವಾನಗಿ, ವೃತ್ತಿಧರ್ಮ ಇವೆಲ್ಲ ಆ ನಂಬಿಕೆಗೆ ಸಮಾಜ ಕೊಡುವ ಜಾಮೀನುಗಳು. ಮನೋಚಿಕಿತ್ಸೆಯಲ್ಲಿ ಈ ಅವಲಂಬನೆ ಇನ್ನೂ ಹೆಚ್ಚು. ಅಲ್ಲಿ ಎಕ್ಸ್‌ರೇ ಇಲ್ಲ, ರಕ್ತಪರೀಕ್ಷೆ ಇಲ್ಲ, ಮಾತ್ರೆಯೂ ಇಲ್ಲ. ಒಬ್ಬ ಅಪರಿಚಿತನ ಮುಂದೆ ಕುಳಿತು, ಹೆಂಡತಿಗೂ ಹೇಳದ ಮಾತನ್ನು ಹೇಳಬೇಕು. ಆ ಮಾತು ಎಲ್ಲಿಗೆ ಹೋಗುತ್ತದೆ ಎಂಬ ಭರವಸೆಯೊಂದೇ ಅಲ್ಲಿನ ಬಂಡವಾಳ. ಉಕ್ರೇನ್ ಕಳೆದುಕೊಂಡಿದ್ದು ಅದನ್ನೇ.

ಆರಂಭವೇನೋ ಚೆನ್ನಾಗಿಯೇ ಇತ್ತು. ಫ್ರಾಯ್ಡ್‌ನ ಅತ್ಯಂತ ಪ್ರಸಿದ್ಧ ರೋಗಿಗಳಲ್ಲಿ ಒಬ್ಬನಾದ, ಪುಸ್ತಕಗಳಲ್ಲಿ 'ತೋಳ ಮನುಷ್ಯ' ಎಂದೇ ಕರೆಯಲ್ಪಡುವ ಸೆರ್ಗೆಯ್ ಪಂಕೇಯೆವ್, ಒಡೆಸ್ಸಾದ ಕಡೆಯ ಸಿರಿವಂತ ಜಮೀನ್ದಾರರ ಮನೆಯ ಮಗ. 1910ರಲ್ಲಿ ಅವನನ್ನು ವಿಯೆನ್ನಾಕ್ಕೆ ಕರೆದೊಯ್ದವನು ಒಡೆಸ್ಸಾದ ಒಬ್ಬ ವೈದ್ಯ. ಫ್ರಾಯ್ಡ್‌ನನ್ನು ರಷ್ಯನ್ ಭಾಷೆಗೆ ತಂದವರಲ್ಲಿ ಪ್ರಮುಖನಾದ ಮೊಯ್ಸೆಯ್ ವುಲ್ಫ್ ಕೂಡ ಒಡೆಸ್ಸಾದವನೇ. ಕ್ರಾಂತಿಯ ನಂತರದ ಕೆಲವು ವರ್ಷ ಮನೋವಿಶ್ಲೇಷಣೆಗೆ ಸೋವಿಯತ್ ಸರ್ಕಾರದ ಬೆಂಬಲವೂ ದೊರೆಯಿತು. 1922ರಲ್ಲಿ ರಷ್ಯನ್ ಮನೋವಿಶ್ಲೇಷಣಾ ಸಂಘ ಸ್ಥಾಪನೆಯಾಯಿತು, ಟ್ರಾಟ್‌ಸ್ಕಿಯಂಥ ನಾಯಕರೇ ಆಸಕ್ತಿ ವಹಿಸಿದರು. ಟ್ರಾಟ್‌ಸ್ಕಿಯ ಪತನದೊಂದಿಗೆ ಅದರ ಅದೃಷ್ಟವೂ ಮುಗಿಯಿತು. 1930ರ ಹೊತ್ತಿಗೆ ಸಂಘ ಇಲ್ಲವಾಗಿತ್ತು. 1936ರಲ್ಲಿ ಪಕ್ಷದ ಕೇಂದ್ರ ಸಮಿತಿಯ ನಿರ್ಣಯವೊಂದು ಮಕ್ಕಳ ಮನಸ್ಸಿನ ಅಧ್ಯಯನ ಮಾಡುತ್ತಿದ್ದ 'ಪೆಡಾಲಜಿ' ಎಂಬ ಶಾಸ್ತ್ರವನ್ನೇ ರದ್ದುಮಾಡಿತು. 1950ರಲ್ಲಿ ವಿಜ್ಞಾನ ಅಕಾಡೆಮಿಗಳ ಜಂಟಿ ಅಧಿವೇಶನ ಸೇರಿ, ಮನಸ್ಸಿಗೆ ಸಂಬಂಧಿಸಿದ ಎಲ್ಲವನ್ನೂ ಪಾವ್ಲೊವನ ಸಿದ್ಧಾಂತದ ಚೌಕಟ್ಟಿನೊಳಗೇ ನೋಡತಕ್ಕದ್ದು ಎಂದು ಸಾರಿತು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಪ್ರಯೋಗ ನಮಗೆಲ್ಲ ಶಾಲೆಯಲ್ಲೇ ಪರಿಚಿತ. ವಿಜ್ಞಾನದ ಸತ್ಯಾಸತ್ಯಗಳನ್ನು ಸಭೆಯ ನಡವಳಿಗಳಲ್ಲಿ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆದರೂ ಆ ಇಕ್ಕಟ್ಟಿನಲ್ಲೇ ಖಾರ್ಕಿವ್‌ನ ವೈದ್ಯರು ಕೆಲಸ ಮಾಡಿದರು. ಮಾತನ್ನು ಅವರು ಒಂದು 'ಪ್ರಚೋದನೆ' ಎಂದು ಕರೆದರು. ಪಾವ್ಲೊವನ ಗಂಟೆಯ ಜಾಗದಲ್ಲಿ ವೈದ್ಯನ ಮಾತನ್ನು ಇಟ್ಟರು ಎಂದರೂ ಆದೀತು. ಹಾಗೆ ಕರೆದದ್ದರಿಂದ ಅದಕ್ಕೆ ರಾಜಕೀಯ ರಕ್ಷಣೆ ದೊರೆಯಿತು. ಪ್ಲಾತೋನೊವ್ ಸಂಮೋಹನವನ್ನು ಶಿಸ್ತಿನಿಂದ ಬಳಸಿದ. ಅವನ ಜೊತೆಗಾರ ಇಲ್ಯಾ ವೆಲ್ವೋವ್‌ಸ್ಕಿ ಮತ್ತು ಸಂಗಡಿಗರು ಗರ್ಭಿಣಿಯರಿಗೆ ಹೆರಿಗೆಯ ಹಂತಗಳನ್ನು ಮೊದಲೇ ತಿಳಿಹೇಳಿ, ಭಯ ಬಿಡಿಸಿ, ಉಸಿರಾಟದ ಅಭ್ಯಾಸ ಮಾಡಿಸಿ ನೋವನ್ನು ತಗ್ಗಿಸುವ ವಿಧಾನವನ್ನು ರೂಪಿಸಿದರು. 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಬಂದಿದ್ದ ಫ್ರೆಂಚ್ ವೈದ್ಯ ಫೆರ್ನಾನ್ ಲಮಾಝ್ ಅದನ್ನು ಲೆನಿನ್‌ಗ್ರಾಡ್‌ನಲ್ಲಿ ಕಂಡು ಬೆರಗಾಗಿ, ಪ್ಯಾರಿಸ್ಸಿನ ಲೋಹ ಕಾರ್ಮಿಕರ ಹೆರಿಗೆ ಆಸ್ಪತ್ರೆಯಲ್ಲಿ ಜಾರಿಗೆ ತಂದ. ಇಂದು ಬೆಂಗಳೂರಿನಲ್ಲಿ ನಮ್ಮ ಮಗಳು, ಸೊಸೆಯಂದಿರು ದುಬಾರಿ ಶುಲ್ಕ ತೆತ್ತು ಹೋಗುವ 'ಲಮಾಝ್ ತರಗತಿ'ಯ ಮೂಲ ಖಾರ್ಕಿವ್‌ನಲ್ಲಿದೆ ಎಂದರೆ ಅವರು ನಂಬಲಾರರು. ನಮ್ಮ ಮನೆಯಲ್ಲಂತೂ ನಂಬಲಿಲ್ಲ. 1962ರಲ್ಲಿ ಅದೇ ನಗರದ ವೈದ್ಯರ ಉನ್ನತ ತರಬೇತಿ ಸಂಸ್ಥೆಯಲ್ಲಿ ವೆಲ್ವೋವ್‌ಸ್ಕಿಯ ನೇತೃತ್ವದಲ್ಲಿ ಸೋವಿಯತ್ ಒಕ್ಕೂಟದ ಮೊತ್ತಮೊದಲ ಮನೋಚಿಕಿತ್ಸಾ ವಿಭಾಗ ತೆರೆಯಿತು. 1985ರಲ್ಲಿ ಆರೋಗ್ಯ ಸಚಿವಾಲಯದ ಆದೇಶವೊಂದು 'ವೈದ್ಯ ಮನೋಚಿಕಿತ್ಸಕ' ಎಂಬ ಹುದ್ದೆಗೆ ಅಧಿಕೃತ ಮಾನ್ಯತೆ ನೀಡಿತು.

ಪೀಠ ಬಂತು, ಹುದ್ದೆ ಬಂತು. ಆದರೆ ಈ ಪರಂಪರೆಯಲ್ಲಿ ಒಂದು ಕೊರತೆ ಇತ್ತು. ಅಲ್ಲಿ ಮಾತನಾಡುತ್ತಿದ್ದವನು ಹೆಚ್ಚಾಗಿ ವೈದ್ಯ. ರೋಗಿಯ ಕೆಲಸ ಕಣ್ಣು ಮುಚ್ಚಿ ಕೇಳುವುದು. ರೋಗಿಯೇ ಬಾಯಿಬಿಟ್ಟು ತನ್ನ ಕಥೆ ಹೇಳುವುದು, ವೈದ್ಯ ವಾರಗಟ್ಟಲೆ ಕೇಳುವುದು ಎಂಬ ಪದ್ಧತಿ ಬೇರೂರಲಿಲ್ಲ. ಲೆನಿನ್‌ಗ್ರಾಡ್‌ನ ಕೆಲವರು ಆ ದಿಕ್ಕಿನಲ್ಲಿ ನಡೆದದ್ದುಂಟು, ಅವರು ಅಲ್ಪಸಂಖ್ಯಾತರು. ಹಾಗೆ ಬೇರೂರದಿದ್ದುದಕ್ಕೆ ಸಿದ್ಧಾಂತವೊಂದೇ ಕಾರಣವಲ್ಲ. ಹಲವು ಕುಟುಂಬಗಳು ಒಂದೇ ಅಡುಗೆಮನೆ ಹಂಚಿಕೊಂಡು ಬದುಕುತ್ತಿದ್ದ, ಗೋಡೆಗೂ ಕಿವಿಯಿದ್ದ ಸಮಾಜದಲ್ಲಿ ಯಾರು ಯಾರ ಮುಂದೆ ಬಾಯಿ ಬಿಟ್ಟಾರು?

ಆ ಭಯ ಕಾಲ್ಪನಿಕವಾಗಿರಲಿಲ್ಲ. ಸೋವಿಯತ್ ಮನೋವೈದ್ಯಶಾಸ್ತ್ರ 'ಮಂದಗತಿಯ ಸ್ಕಿಝೋಫ್ರೇನಿಯಾ' ಎಂಬ ರೋಗವನ್ನು ಗುರುತಿಸುತ್ತಿತ್ತು. ಮೇಲ್ನೋಟಕ್ಕೆ ರೋಗಿ ಸಹಜವಾಗಿಯೇ ಇರುತ್ತಾನೆ. 'ಸುಧಾರಣೆಯ ಭ್ರಮೆ', ಸತ್ಯಕ್ಕಾಗಿ ಹಠ ಇತ್ಯಾದಿ ಲಕ್ಷಣಗಳು ಮಾತ್ರ ಕಾಣಿಸುತ್ತವೆ! ಕೀವ್‌ನ ಗಣಿತಜ್ಞ ಲಿಯೊನಿದ್ ಪ್ಲ್ಯುಶ್ಚ್ ಈ ರೋಗನಿದಾನದೊಂದಿಗೆ 1973ರಿಂದ 1976ರ ಆರಂಭದವರೆಗೆ ದ್ನಿಪ್ರೊಪೆತ್ರೊವ್‌ಸ್ಕ್‌ನ ವಿಶೇಷ ಮನೋವೈದ್ಯ ಆಸ್ಪತ್ರೆಯಲ್ಲಿ ಕೂಡಿಹಾಕಲ್ಪಟ್ಟು, ಬಲವಾದ ಔಷಧಗಳನ್ನು ಚುಚ್ಚಿಸಿಕೊಂಡ. ಉಕ್ರೇನ್ ಮೂಲದ ಸೇನಾ ಜನರಲ್ ಪೆತ್ರೊ ಗ್ರಿಗೊರೆಂಕೊ ಕ್ರಿಮಿಯಾದ ತಾತಾರರ ಪರ ನಿಂತದ್ದಕ್ಕಾಗಿ ಬಂಧಿತನಾದಾಗ, ತಾಷ್ಕೆಂಟ್‌ನ ವೈದ್ಯರ ಮೊದಲ ಸಮಿತಿ ಅವನು ಸ್ವಸ್ಥನೆಂದು ಬರೆಯಿತು. ಮಾಸ್ಕೋದ ಎರಡನೆಯ ಸಮಿತಿ ಹುಚ್ಚನೆಂದು ಬರೆಯಿತು. ಜಾರಿಯಾದದ್ದು ಎರಡನೆಯ ವರದಿ ಎಂದು ಬೇರೆ ಹೇಳಬೇಕಿಲ್ಲ.

1971ರಲ್ಲಿ ಕೀವ್‌ನ ಇಪ್ಪತ್ತೈದರ ಆಸುಪಾಸಿನ ಮನೋವೈದ್ಯನೊಬ್ಬ ಲಭ್ಯ ದಾಖಲೆಗಳನ್ನೆಲ್ಲ ಓದಿ, ಗ್ರಿಗೊರೆಂಕೊ ಸಂಪೂರ್ಣ ಸ್ವಸ್ಥನೆಂದು ವೃತ್ತಿಪರ ವರದಿಯೊಂದನ್ನು ಬರೆದ. ಅವನ ಹೆಸರು ಸೆಮ್ಯೋನ್ ಗ್ಲುಝ್‌ಮನ್. 1972ರಲ್ಲಿ ಬಂಧನವಾಯಿತು, ಏಳು ವರ್ಷ ಶ್ರಮ ಶಿಬಿರ, ಮೂರು ವರ್ಷ ಗಡೀಪಾರು. ಶಿಬಿರದಲ್ಲೇ ಸಹಬಂದಿ ವ್ಲಾದಿಮಿರ್ ಬುಕೊವ್‌ಸ್ಕಿಯೊಂದಿಗೆ ಸೇರಿ, ಭಿನ್ನಮತೀಯರು ಮನೋವೈದ್ಯರ ವಿಚಾರಣೆಯನ್ನು ಹೇಗೆ ಎದುರಿಸಬೇಕು ಎಂಬ ಕೈಪಿಡಿಯನ್ನು ಅವನು ಬರೆದ. ಜಗತ್ತಿನ ಒತ್ತಡ ಹೆಚ್ಚಿದಾಗ, ಹೊರಹಾಕಲ್ಪಡುವ ಮೊದಲೇ 1983ರಲ್ಲಿ ಸೋವಿಯತ್ ಮನೋವೈದ್ಯರ ಸಂಘ ವಿಶ್ವ ಮನೋವೈದ್ಯ ಸಂಘಟನೆಯಿಂದ ತಾನಾಗಿ ಹೊರನಡೆಯಿತು. 1989ರಲ್ಲಿ ಷರತ್ತಿನ ಮೇಲೆ ಮರಳಿತು. 1991ರಲ್ಲಿ ಉಕ್ರೇನಿನ ಸ್ವತಂತ್ರ ಮನೋವೈದ್ಯರ ಸಂಘವನ್ನು ಕಟ್ಟಿದವನು ಇದೇ ಗ್ಲುಝ್‌ಮನ್. ಆ ದೇಶದಲ್ಲಿ ಈ ವೃತ್ತಿಯ ಇತಿಹಾಸವನ್ನು 1985ರ ಆದೇಶದಿಂದ ಎಣಿಸುವ ಬದಲು ಈ ವರದಿಯಿಂದ ಎಣಿಸಬೇಕೆಂಬುದು ನನ್ನ ಎಣಿಕೆ.

ಭಿನ್ನಮತೀಯರ ಸಂಖ್ಯೆ ಎಷ್ಟೇ ಇರಲಿ, ಸಾಮಾನ್ಯ ನಾಗರಿಕನನ್ನು ಹೆದರಿಸಿದ್ದು ಇನ್ನೊಂದು: ನೋಂದಣಿ ಪುಸ್ತಕ. ಮನೋವೈದ್ಯ ಚಿಕಿತ್ಸಾಲಯದಲ್ಲಿ ಒಮ್ಮೆ ಹೆಸರು ದಾಖಲಾದರೆ ವಾಹನ ಚಾಲನಾ ಪರವಾನಗಿಗೆ, ಹಲವು ಬಗೆಯ ನೌಕರಿಗೆ ಅದು ಅಡ್ಡಬರುತ್ತಿತ್ತು. ಆದ್ದರಿಂದ ನಿದ್ರೆ ಬಾರದವರು, ಎದೆ ಡವಗುಟ್ಟುವವರು ನರರೋಗ ತಜ್ಞರ ಬಳಿ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಬರುವುದನ್ನು ರೂಢಿ ಮಾಡಿಕೊಂಡರು. ನಮ್ಮಲ್ಲಿ 'ನರದೌರ್ಬಲ್ಯ' ಎಂಬ ಮರ್ಯಾದಸ್ಥ ಹೆಸರಿನಡಿ ಎಷ್ಟೆಲ್ಲ ದುಃಖಗಳು ಅಡಗಿವೆ ಎಂಬುದು ಬಲ್ಲವರಿಗೆ ಗೊತ್ತು.

ಈ ನೋಂದಣಿ ಪುಸ್ತಕದ ವಿಷಯ ಓದುವಾಗ ನನಗೆ ನನ್ನದೇ ಸಹಿಯಿದ್ದ ಒಂದು ಆದೇಶ ನೆನಪಾಯಿತು. ಸುಮಾರು ಎರಡು ದಶಕಗಳ ಹಿಂದೆ, ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ರೈತರ ಆತ್ಮಹತ್ಯೆಗಳು ಸಾಲುಸಾಲಾಗಿ ನಡೆದಾಗ, ನಾವು ತರಾತುರಿಯಲ್ಲಿ ತಾಲ್ಲೂಕಿಗೊಬ್ಬರಂತೆ ಆಪ್ತಸಮಾಲೋಚಕರನ್ನು ಗುತ್ತಿಗೆ ಆಧಾರದ ಮೇಲೆ ನೇಮಿಸಿಕೊಂಡೆವು. ಮೂರು ದಿನಗಳ ತರಬೇತಿ ಕೊಡಿಸಿದೆವು. ಕೂರಲು ತಾಲ್ಲೂಕು ಕಚೇರಿಯಲ್ಲೇ, ಕಂದಾಯ ನಿರೀಕ್ಷಕರ ಮೇಜಿನ ಪಕ್ಕದಲ್ಲಿ ಜಾಗ ಕೊಟ್ಟೆವು. ಹೆಸರು, ಸರ್ವೆ ನಂಬರು, ಸಾಲದ ಮೊತ್ತ, ಸಮಸ್ಯೆಯ ವಿವರ ಎಂದು ಕಾಲಂ ಹಾಕಿದ ವಹಿಯನ್ನೂ ಕೊಟ್ಟೆವು. ವಹಿಯ ನಮೂನೆ ಸಿದ್ಧಪಡಿಸಿದವನು ನಾನೇ. ತಪಾಸಣೆಗೆ ಹೋದ ದಿನ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಅಲ್ಲಿ ಕುಳಿತಿದ್ದಳು. ಏನೂ ಮಾತನಾಡುತ್ತಿರಲಿಲ್ಲ. 'ಹೇಳಮ್ಮ, ನಿನಗೆ ಸಹಾಯ ಮಾಡಲಿಕ್ಕೇ ಇವರಿದ್ದಾರೆ' ಎಂದೆ. ಆಕೆ ವಹಿಯನ್ನೊಮ್ಮೆ ನೋಡಿ ಕೇಳಿದಳು: 'ಇದನ್ನೆಲ್ಲಾ ಬರಕೊಂಡು ಯಾರಿಗೆ ತೋರಸ್ತೀರಿ ಸಾಹೇಬ್ರ?'

ನನ್ನ ಬಳಿ ಉತ್ತರವಿರಲಿಲ್ಲ. ತೋರಿಸುವುದಂತೂ ನಿಜವಾಗಿತ್ತು. ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ನನಗೆ, ನನ್ನಿಂದ ಮೇಲಿನವರಿಗೆ. ಆ ವರ್ಷದ ಪ್ರಗತಿ ವರದಿಯಲ್ಲಿ ನಮ್ಮ ಜಿಲ್ಲೆಯ ಹುದ್ದೆಗಳು ಶೇಕಡಾ ನೂರು ಭರ್ತಿಯಾಗಿದ್ದವು.

ಉಕ್ರೇನಿಗೆ ಮರಳೋಣ. ಜನರಿಗೆ ದುಃಖವಿದೆ, ಹೇಳಿಕೊಳ್ಳಲು ನಂಬಿಕೆಯ ಜಾಗವಿಲ್ಲ. ಇಂಥ ನಿರ್ವಾತವನ್ನು ಯಾರಾದರೂ ತುಂಬಿಯೇ ತುಂಬುತ್ತಾರೆ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಗೊಂಡು, ಮುಂದಿನ ವರ್ಷಗಳಲ್ಲಿ ಒಟ್ಟು ಮೂರೂವರೆ ಲಕ್ಷದಷ್ಟು ಜನ ನೆಲೆ ಕಳೆದುಕೊಂಡರು. ಅವರ ಆತಂಕಕ್ಕೆ ಅಧಿಕಾರಿಗಳು ಇಟ್ಟ ಹೆಸರು 'ವಿಕಿರಣ ಭೀತಿ', ಅಂದರೆ ತಪ್ಪು ನಿಮ್ಮ ಮನಸ್ಸಿನದೇ ಎಂದರ್ಥ. ಸುಮಾರು ಇಪ್ಪತ್ತು ವರ್ಷಗಳ ತರುವಾಯ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿದ್ದ ಚೆರ್ನೋಬಿಲ್ ವೇದಿಕೆ, ಆ ದುರಂತ ಉಂಟುಮಾಡಿದ ಅತಿದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಮಾನಸಿಕ ಆರೋಗ್ಯದ್ದೇ ಎಂದು ಹೇಳಿತು. ಅಷ್ಟರಲ್ಲಿ ಒಂದು ಇಡೀ ತಲೆಮಾರು ಬೇರೆ ಕಡೆ ಸಾಂತ್ವನ ಹುಡುಕಿಕೊಂಡಾಗಿತ್ತು. 1989ರ ಶರತ್ಕಾಲದಲ್ಲಿ ಸೋವಿಯತ್ ಒಕ್ಕೂಟದ ಕೇಂದ್ರ ದೂರದರ್ಶನದಲ್ಲಿ ಅನಾತೊಲಿ ಕಶ್ಪಿರೊವ್‌ಸ್ಕಿ ಎಂಬಾತ ಕಾಣಿಸಿಕೊಂಡ. ಉಕ್ರೇನಿನ ವಿನ್ನಿತ್ಸಾ ನಗರದ ಮನೋವೈದ್ಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದಿದ್ದ ಮನೋಚಿಕಿತ್ಸಕ. ತೀಕ್ಷ್ಣ ನೋಟ, ಗಡಸು ದನಿ. ಪರದೆಯ ಮುಂದೆ ಕುಳಿತ ಕೋಟ್ಯಂತರ ಜನಕ್ಕೆ ಒಂದೇ ಸಲ ಚಿಕಿತ್ಸೆ! ಗಾಯದ ಗುರುತು ಮಾಸಿತು, ಬಿಳಿಗೂದಲು ಕಪ್ಪಾಯಿತು ಎಂದು ಪತ್ರಗಳ ಮಹಾಪೂರ ಹರಿಯಿತು. 1993ರಲ್ಲಿ ಆತ ರಷ್ಯಾದ ಸಂಸತ್ತಿಗೂ ಆಯ್ಕೆಯಾದ. ಅವನನ್ನು ಬರಿಯ ಮೋಸಗಾರ ಎಂದು ತಳ್ಳಿಹಾಕುವುದು ಸುಲಭ. ಆದರೆ ವೈದ್ಯ ಮಾತನಾಡುವುದು, ರೋಗಿ ಕಣ್ಣು ಮುಚ್ಚಿ ಕೇಳುವುದು ಎಂಬ ಹಳೆಯ ಪರಂಪರೆಯನ್ನೇ ಆತ ಕ್ಯಾಮೆರಾದ ಮುಂದೆ ತಂದಿದ್ದ. ಅಲ್ಲಿ ಯಾರೂ ತಮ್ಮ ಹೆಸರು ಹೇಳಬೇಕಿರಲಿಲ್ಲ, ಯಾವ ವಹಿಯಲ್ಲೂ ದಾಖಲಾಗಬೇಕಿರಲಿಲ್ಲ. ಅದೂ ಅವನ ಆಕರ್ಷಣೆಯ ಒಂದು ಭಾಗವಾಗಿದ್ದಿರಬೇಕು.

1991ರಲ್ಲಿ ಸ್ವಾತಂತ್ರ್ಯ ಬಂತು. ರೂಬಲ್ ಕುಸಿದು ಉಳಿತಾಯವೆಲ್ಲ ಕರಗಿಹೋಗುತ್ತಿದ್ದ ಆ ವರ್ಷಗಳಲ್ಲೇ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್, ಅಮೆರಿಕಗಳಿಂದ ಶಿಕ್ಷಕರು ಬರತೊಡಗಿದರು. ವರ್ಷಕ್ಕೆ ಕೆಲವು ಸಲ, ವಾರಾಂತ್ಯದ ಶಿಬಿರಗಳು, ಪಕ್ಕದಲ್ಲೊಬ್ಬ ದುಭಾಷಿ. ಇದೇ ಸಮಯಕ್ಕೆ ಪಶ್ಚಿಮ ಯುರೋಪಿನಲ್ಲೂ ಈ ವೃತ್ತಿ ತನ್ನ ಗಡಿಗಳನ್ನು ಗುರುತಿಸಿಕೊಳ್ಳುತ್ತಿತ್ತು. 1990ರ ಸ್ಟ್ರಾಸ್‌ಬರ್ಗ್ ಘೋಷಣೆ ಮನೋಚಿಕಿತ್ಸೆ ಒಂದು ಸ್ವತಂತ್ರ ವೃತ್ತಿ, ಅದು ವೈದ್ಯರ ಏಕಸ್ವಾಮ್ಯವಲ್ಲ ಎಂದಿತು. ಮರುವರ್ಷ ಸ್ಥಾಪನೆಯಾದ ಯುರೋಪಿನ ಮನೋಚಿಕಿತ್ಸಾ ಸಂಘ ಮುಂದೆ ತನ್ನ ಪ್ರಮಾಣಪತ್ರಕ್ಕೆ ಏಳು ವರ್ಷಗಳಲ್ಲಿ ಕನಿಷ್ಠ 3,200 ಗಂಟೆಗಳ ಶಿಕ್ಷಣವನ್ನು ನಿಗದಿಪಡಿಸಿತು.

ಆ ಗಂಟೆಗಳಲ್ಲಿ ಏನೇನಿದೆ ಎಂಬುದನ್ನು ಗಮನಿಸಬೇಕು. ಗ್ರಂಥಪಾಠ ಒಂದು ಭಾಗ ಮಾತ್ರ. ಚಿಕಿತ್ಸಕನಾಗುವವನು ಮೊದಲು ತಾನೇ ಇನ್ನೊಬ್ಬ ಚಿಕಿತ್ಸಕನ ಮುಂದೆ ಕುಳಿತು ತನ್ನ ಮನಸ್ಸನ್ನು ತೆರೆದಿಡಬೇಕು. ಆಮೇಲೆ ರೋಗಿಗಳನ್ನು ನೋಡತೊಡಗಿದಾಗ ಪ್ರತಿಯೊಂದು ಪ್ರಕರಣವನ್ನೂ ಅನುಭವಸ್ಥನೊಬ್ಬನ ಎದುರಿಗಿಟ್ಟು, ಎಲ್ಲಿ ಎಡವಿದೆ ಎಂದು ಚರ್ಚಿಸಬೇಕು. ಇದನ್ನು ಮೇಲ್ವಿಚಾರಣೆ ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಈ ಪದಕ್ಕೆ ಹಾಜರಿ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಗೀರು ಹಾಕುವುದು ಎಂಬರ್ಥ ಅಂಟಿಕೊಂಡಿದೆ. ಅವರದು ಸಂಗೀತದ ಗುರುವಿನ ಮುಂದೆ ಹಾಡಿ ತಿದ್ದಿಸಿಕೊಳ್ಳುವುದಕ್ಕೆ ಹತ್ತಿರದ್ದು. ಗುರುವೇ ಇಲ್ಲದ ನಾಡಿನಲ್ಲಿ ಮೊದಲ ತಲೆಮಾರಿನ ಶಿಷ್ಯರು ಏನು ಮಾಡಬೇಕು? ಹಿಂದಿನ ಕಮ್ಯುನಿಸ್ಟ್ ದೇಶಗಳಲ್ಲಿ ಮನೋವಿಶ್ಲೇಷಣೆ ಕಲಿಯಲು ಹೊರಟ ಅನೇಕರು ರೈಲು ಹತ್ತಿ ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಗುರುವಿನ ಬಳಿ ಕೆಲವು ವಾರ ದಿನಕ್ಕೆರಡು ಬಾರಿ ಕುಳಿತು, ಮರಳಿ ಬಂದು ದುಡಿದು ಹಣ ಹೊಂದಿಸಿ ಮತ್ತೆ ಹೋಗುತ್ತಿದ್ದರು. ಮಗ್ಗದ ಲಾಳಿಯಂಥ ಈ ಓಡಾಟಕ್ಕೆ 'ಷಟಲ್ ವಿಶ್ಲೇಷಣೆ' ಎಂಬ ಹೆಸರೇ ಬಿತ್ತು. ಯಾವ ಸರ್ಕಾರವೂ ಇದಕ್ಕೆ ಪ್ರಯಾಣ ಭತ್ಯೆ ಕೊಡಲಿಲ್ಲ.

ಇನ್ನೊಂದು ಬಗೆಯವರೂ ಇದ್ದರು. ಎರಡು ವಾರಾಂತ್ಯದ ಶಿಬಿರ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ಅಂಗಡಿ ತೆರೆದವರು. ಕಾನೂನು ಇವರನ್ನೂ ಆ ಲಾಳಿ ಓಡಾಟದವರನ್ನೂ ಬೇರ್ಪಡಿಸಲಿಲ್ಲ. ಅದರ ಕಣ್ಣಿಗೆ ಕಾಣುತ್ತಿದ್ದ ಗೆರೆ ಒಂದೇ: ವೈದ್ಯಕೀಯ ಪದವಿ ಇದೆಯೇ, ಇಲ್ಲವೇ. ಸೋವಿಯತ್ ಕಾಲದಿಂದ ಬಂದ ವರ್ಗೀಕರಣದಲ್ಲಿ ಮನೋಚಿಕಿತ್ಸೆ ವೈದ್ಯರದ್ದು. ಮನಶ್ಶಾಸ್ತ್ರಜ್ಞ ಅದೇ ಕೆಲಸವನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಕಡತದಲ್ಲಿ ಅದು 'ಸಮಾಲೋಚನೆ' ಅಥವಾ 'ಮಾನಸಿಕ ತಿದ್ದುಪಡಿ' ಎನಿಸಿಕೊಳ್ಳುತ್ತಿತ್ತು. ವೃಂದ ಮತ್ತು ನೇಮಕಾತಿ ನಿಯಮಗಳನ್ನು ವರ್ಷಗಟ್ಟಲೆ ತಿದ್ದಿದವನಾದ ನನಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಕಾಣಲಿಲ್ಲ.

ಬದಲಾವಣೆ ಸಚಿವಾಲಯದಿಂದ ಬರಲಿಲ್ಲ, ಬೀದಿಯಿಂದ ಬಂತು. 2013-14ರ ಚಳಿಗಾಲದಲ್ಲಿ ಕೀವ್‌ನ ಮೈದಾನ್ ಚೌಕದಲ್ಲಿ ಪ್ರತಿಭಟನೆ ರಕ್ತಸಿಕ್ತವಾದಾಗ, ಮನಶ್ಶಾಸ್ತ್ರಜ್ಞರು, ಮನೋಚಿಕಿತ್ಸಕರು ಸ್ವಯಂಸೇವಕರಾಗಿ ಡೇರೆಗಳ ನಡುವೆ ಹೋಗಿ ಕುಳಿತರು. ಹೆಸರು ಕೇಳಲಿಲ್ಲ, ಶುಲ್ಕ ಕೇಳಲಿಲ್ಲ. ಸಹಚರನ ಸಾವನ್ನು ಕಣ್ಣಾರೆ ಕಂಡವರ ಮಾತನ್ನು ಕೇಳಿದರು. ಆ ಬೆನ್ನಿಗೇ ಪೂರ್ವದ ದೊನ್‌ಬಾಸ್‌ನಲ್ಲಿ ಯುದ್ಧ ಆರಂಭವಾಗಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸ್ವದೇಶದಲ್ಲೇ ನಿರಾಶ್ರಿತರಾದರು. ಮಾತಿನ ಚಿಕಿತ್ಸೆ ಎಂದರೆ ಕೂಡಿಹಾಕುವುದಲ್ಲ, ಚುಚ್ಚುವುದಲ್ಲ, ಬರೆದುಕೊಳ್ಳುವುದಲ್ಲ ಎಂದು ಸಾಮಾನ್ಯ ಉಕ್ರೇನಿಯನ್ನರಲ್ಲಿ ಬಹಳ ಜನ ಮೊದಲ ಬಾರಿಗೆ ಕಂಡದ್ದು ಆಗ. 2017ರ ಡಿಸೆಂಬರಿನಲ್ಲಿ ಸಚಿವ ಸಂಪುಟ 2030ರವರೆಗಿನ ಮಾನಸಿಕ ಆರೋಗ್ಯ ನೀತಿಯನ್ನು ಒಪ್ಪಿತು. ಆಸ್ಪತ್ರೆಯ ಹಾಸಿಗೆಗಳಿಂದ ಸಮುದಾಯದ ಕಡೆಗೆ ಹೊರಳುವುದು ಅದರ ಆಶಯ.

ಅದು ಜಾರಿಯ ಹಾದಿಯಲ್ಲಿರುವಾಗಲೇ 2022ರ ಫೆಬ್ರವರಿ 24 ಬಂತು. ಆ ವರ್ಷದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಅಂದಾಜಿನಂತೆ ಸುಮಾರು 96 ಲಕ್ಷ ಜನ ಯಾವುದಾದರೊಂದು ಮಾನಸಿಕ ಸಮಸ್ಯೆಗೆ ತುತ್ತಾಗಿರಬಹುದು. ಅವರಲ್ಲಿ 39 ಲಕ್ಷ ಜನರ ಸ್ಥಿತಿ ಮಧ್ಯಮ ಇಲ್ಲವೇ ತೀವ್ರ ಸ್ವರೂಪದ್ದು. ಅರ್ಥಶಾಸ್ತ್ರ ಓದಿದ ಚಪಲಕ್ಕೆ ನಾನೊಂದು ಲೆಕ್ಕ ಹಾಕಿದೆ. ಆ 39 ಲಕ್ಷ ಜನರಿಗೆ ಮಾತ್ರ, ತಲಾ ಹನ್ನೆರಡು ಭೇಟಿ ಎಂದಿಟ್ಟುಕೊಂಡರೆ 4 ಕೋಟಿ 68 ಲಕ್ಷ ಭೇಟಿಗಳಾಗುತ್ತವೆ. ಒಬ್ಬ ಚಿಕಿತ್ಸಕ ವಾರಕ್ಕೆ ಇಪ್ಪತ್ತು ಜನರಂತೆ ವರ್ಷದಲ್ಲಿ ನಲವತ್ತೈದು ವಾರ ದುಡಿದರೆ 900 ಭೇಟಿ. ಅಂದರೆ ಒಂದೇ ವರ್ಷದಲ್ಲಿ ಇದನ್ನು ಮುಗಿಸಲು 52 ಸಾವಿರ ಪೂರ್ಣಾವಧಿ ಚಿಕಿತ್ಸಕರು ಬೇಕು. ಏಳು ವರ್ಷದ ಶಿಕ್ಷಣದಿಂದ ಅಷ್ಟು ಜನ ಹೊರಬರುವ ಹೊತ್ತಿಗೆ ಈಗಿನ ಮಕ್ಕಳು ಮದುವೆಯ ವಯಸ್ಸಿಗೆ ಬಂದಿರುತ್ತಾರೆ. ಇದ್ದ ಚಿಕಿತ್ಸಕರಲ್ಲೂ ಅನೇಕರು ಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟರು, ಹೊರಗಿನಿಂದ ದೂರವಾಣಿ ಮತ್ತು ಅಂತರ್ಜಾಲದ ಮೂಲಕ ಕೆಲಸ ಮುಂದುವರಿಸಿದರು. ಉಳಿದವರ ಪಾಡು ಇನ್ನೂ ವಿಚಿತ್ರ. ಸೈರನ್ ಮೊಳಗಿದಾಗ ಚಿಕಿತ್ಸಕ, ರೋಗಿ ಇಬ್ಬರೂ ಒಂದೇ ನೆಲಮಾಳಿಗೆಗೆ ಇಳಿಯಬೇಕು. ತಟಸ್ಥವಾಗಿ ಕೇಳಬೇಕೆಂದು ಪಠ್ಯಪುಸ್ತಕ ಬರೆದವರು ಈ ಸಂದರ್ಭವನ್ನು ಊಹಿಸಿರಲಾರರು.

ಹಾಗಾಗಿ ಅಲ್ಲಿ ಈಗ ಎರಡು ದಾರಿಗಳು ಒಟ್ಟಿಗೆ ತೆರೆದುಕೊಂಡಿವೆ. ಒಂದು, ಕುಟುಂಬ ವೈದ್ಯರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪಠ್ಯಕ್ರಮದಂತೆ ತರಬೇತಿ ನೀಡಿ, ಖಿನ್ನತೆ, ಆತಂಕದಂಥ ಸಾಮಾನ್ಯ ಸಮಸ್ಯೆಗಳನ್ನು ಪ್ರಾಥಮಿಕ ಹಂತದಲ್ಲೇ ನೋಡುವುದು. ರಾಷ್ಟ್ರೀಯ ಆರೋಗ್ಯ ಸೇವೆ ಅದಕ್ಕೆಂದೇ ಪ್ರತ್ಯೇಕ ಹಣ ಪಾವತಿಸುತ್ತಿದೆ. ಜೊತೆಗೆ, ಪದವೀಧರ ಚಿಕಿತ್ಸಕರಲ್ಲದ ಸಾಮಾನ್ಯರಿಗೆ ಕೆಲವೇ ಭೇಟಿಗಳ ಸರಳ ವಿಧಾನಗಳನ್ನು ಕಲಿಸುವುದು. 2022ಕ್ಕೆ ಮೊದಲೇ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಕೀವ್‌ನ ವಿದ್ವಾಂಸರೊಂದಿಗೆ ಸೇರಿ ಮಾಜಿ ಸೈನಿಕರಲ್ಲೂ ನಿರಾಶ್ರಿತರಲ್ಲೂ ಇಂಥ ವಿಧಾನವನ್ನು ಪ್ರಯೋಗಿಸಿ ಒಳ್ಳೆಯ ಫಲ ಕಂಡಿದ್ದರು. ಇನ್ನೊಂದು, ಏಳು ವರ್ಷದ ದಾರಿ. ಎರಡನೆಯ ದಾರಿಯವರು ಮೊದಲನೆಯವರನ್ನು ಅನುಮಾನದಿಂದ ನೋಡುವುದು ಸಹಜ. ಎಲ್ಲ ವೃತ್ತಿಸಂಘಗಳಂತೆ ಅವರದರಲ್ಲೂ ಗುಣಮಟ್ಟದ ಕಾಳಜಿಯ ಜೊತೆಗೆ ಸ್ವಹಿತವೂ ಬೆರೆತಿರುತ್ತದೆ. ನನ್ನ ಒಲವು ಮೊದಲ ದಾರಿಯ ಕಡೆಗೇ, ಒಂದು ಷರತ್ತಿನೊಂದಿಗೆ. ನಮ್ಮ ಮೂರು ದಿನದ ಸಮಾಲೋಚಕರು ಸೋತದ್ದು ತರಬೇತಿ ಮೂರೇ ದಿನದ್ದಾಗಿತ್ತು ಎಂಬುದಕ್ಕಲ್ಲ. ನಾಲ್ಕನೆಯ ದಿನದಿಂದ ಅವರ ಹಿಂದೆ ಯಾವ ಗುರುವೂ ಇರಲಿಲ್ಲ ಎಂಬುದಕ್ಕೆ. ಏಳು ವರ್ಷ ಕಲಿತವರನ್ನು ಏಳು ವಾರ ಕಲಿತವರ ಮೇಲ್ವಿಚಾರಕರನ್ನಾಗಿ ಬಳಸಿಕೊಂಡರೆ ಅವರ ವಿದ್ಯೆಗೂ ಬೆಲೆ ಬರುತ್ತದೆ, 52 ಸಾವಿರದ ಲೆಕ್ಕವೂ ಅಷ್ಟು ಹೆದರಿಸುವುದಿಲ್ಲ.

2025ರ ಜನವರಿ 15ರಂದು ಉಕ್ರೇನಿನ ಸಂಸತ್ತು ಮಾನಸಿಕ ಆರೋಗ್ಯ ವ್ಯವಸ್ಥೆಯ ಕುರಿತ ಕಾನೂನನ್ನು ಅಂಗೀಕರಿಸಿತು. ವೈದ್ಯರಲ್ಲದ ಮನೋಚಿಕಿತ್ಸಕರನ್ನೂ ಮನಶ್ಶಾಸ್ತ್ರಜ್ಞರನ್ನೂ ಮೊದಲ ಬಾರಿಗೆ ಒಂದೇ ಕಾನೂನಿನ ವ್ಯಾಪ್ತಿಗೆ ತಂದು, ಸೇವೆ ನೀಡುವವರ ಅರ್ಹತೆ ಹಾಗೂ ನೋಂದಣಿಯ ವ್ಯವಸ್ಥೆ ಮಾಡುವುದು ಅದರ ಮುಖ್ಯಾಂಶ. ನೋಂದಣಿ ಎಂಬ ಪದ ಮತ್ತೆ ಬಂತು. ಆದರೆ ಈ ಸಲ ಪುಸ್ತಕದಲ್ಲಿ ಬರೆಯಲ್ಪಡುವುದು ರೋಗಿಯ ಹೆಸರಲ್ಲ, ಚಿಕಿತ್ಸಕನದು. ಸೋವಿಯತ್ ಕಾಲದಿಂದ ಆ ದೇಶ ಎಷ್ಟು ದೂರ ಬಂದಿದೆ ಎಂಬುದನ್ನು ನಾನು ಈ ಒಂದು ಅದಲುಬದಲಿನಲ್ಲಿ ಕಾಣುತ್ತೇನೆ. ನಮ್ಮಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಿದೆ. ಇತರರಿಗಾಗಿ 2021ರ ಆರೋಗ್ಯಸಂಬಂಧಿ ವೃತ್ತಿಗಳ ಕಾಯಿದೆ ಬಂದಿದೆ. ಆದರೂ 'ಆಪ್ತಸಮಾಲೋಚಕರು' ಎಂಬ ಫಲಕದ ಹಿಂದೆ ಯಾವ ವಿದ್ಯೆಯಿದೆ ಎಂದು ನಮ್ಮ ಬಡಾವಣೆಗಳಲ್ಲಿ ಕೇಳುವವರು ಕಡಿಮೆ.

ಕಾನೂನಿನಿಂದ ಎಲ್ಲವೂ ಆಗದು. ಯುದ್ಧಭೂಮಿಯಿಂದ ಮರಳುವ ಲಕ್ಷಾಂತರ ಸೈನಿಕರು, ಅಜ್ಜ ಅಪ್ಪಂದಿರಿಂದ ಕೇಳಿದ ಹಳೆಯ ನೋಂದಣಿಯ ಕಥೆಗಳನ್ನು ಹೊತ್ತವರು, ಬಾಗಿಲು ತಟ್ಟುವರೇ? ತಟ್ಟಿದರೆ ಅವರ ಕಡತ ನಾಳೆ ನೌಕರಿಯ ಮೇಜಿನ ಮೇಲೆ ಕಾಣಿಸಿಕೊಳ್ಳದೆಂಬ ಭರವಸೆಯನ್ನು ಯಾರು ಕೊಡಬೇಕು? ಹಣದ ಪ್ರಶ್ನೆಯೂ ಇದೆ. ಆದಾಯದ ಬಹುಪಾಲು ರಕ್ಷಣೆಗೆ ಹೋಗುತ್ತಿರುವ ದೇಶದಲ್ಲಿ ಇಂದಿನ ತರಬೇತಿಗಳ ಗಣನೀಯ ಪಾಲನ್ನು ನಡೆಸುತ್ತಿರುವುದು ವಿದೇಶಿ ನೆರವು. ದಾನಿಗಳು ಎಂದಾದರೊಂದು ದಿನ ಹೊರಡುತ್ತಾರೆ. ಯೋಜನೆಯ ಅವಧಿ ಮುಗಿದೊಡನೆ ಸಿಬ್ಬಂದಿಯನ್ನು ಮನೆಗೆ ಕಳುಹಿಸುವ ಕಡತಗಳನ್ನು ನಾನೇ ಎಷ್ಟೋ ವಿಲೇವಾರಿ ಮಾಡಿದ್ದೇನೆ. ವೈದ್ಯನಲ್ಲದ ಚಿಕಿತ್ಸಕನ ಒಂದು ಗಂಟೆಗೆ ಉಕ್ರೇನಿನ ರಾಷ್ಟ್ರೀಯ ಆರೋಗ್ಯ ಸೇವೆ ಖಜಾನೆಯಿಂದ ನಿಯಮಿತವಾಗಿ ಹಣ ಕೊಡುವುದೇ, ಕೊಟ್ಟರೂ ರೋಗಿಯ ಹೆಸರನ್ನು ಕೇಳದೆ ಬಿಲ್ ಪಾಸು ಮಾಡುವ ನಮೂನೆಯೊಂದನ್ನು ಅಲ್ಲಿನ ನನ್ನಂಥ ಅಧಿಕಾರಿಗಳು ಸಿದ್ಧಪಡಿಸಬಲ್ಲರೇ ಎಂಬುದನ್ನು ಮುಂದಿನ ವರ್ಷಗಳಲ್ಲಿ ನೋಡಬೇಕು. ಅಂಥ ನಮೂನೆ ಸಿದ್ಧವಾದರೆ ಅದರ ಒಂದು ಪ್ರತಿ ನನಗೂ ಬೇಕು.